ನಗಿಸಲು ಬಂದವರು ನಗರವನ್ನಾಳಿದರು

ಹಾಸ್ಯಗಾರನ ಮಾತಿಗೆ ನಾವು ಮನಸಾರೆ ನಗುತ್ತೇವೆ. ಆದರೆ ಮನೆಯ ಲೆಕ್ಕಪತ್ರವನ್ನು ಅವನ ಕೈಗೊಪ್ಪಿಸಲು ಹಿಂಜರಿಯುತ್ತೇವೆ. ಐಸ್‌ಲ್ಯಾಂಡ್ ದೇಶದ ರಾಜಧಾನಿಯಾದ ರೇಕ್ಯಾವಿಕ್‌ನ ನಾಗರಿಕರು 2010ರಲ್ಲಿ ಹಾಗೆ ಹಿಂಜರಿಯಲಿಲ್ಲ. ತಮ್ಮ ನಗರದ ಆಡಳಿತವನ್ನೇ ಯೋನ್ ಗ್ನಾರ್ ಎಂಬ ಹಾಸ್ಯನಟರಿಗೆ ವಹಿಸಿಕೊಟ್ಟರು.

1967ರಲ್ಲಿ ಪೊಲೀಸರೊಬ್ಬರ ಮಗನಾಗಿ ಜನಿಸಿದ ಗ್ನಾರ್ ಅವರಿಗೆ ಅಕ್ಷರಗಳನ್ನು ಗುರುತಿಸಿ ಓದುವಲ್ಲಿ ತೊಡಕಿತ್ತು. ಬಾಲ್ಯದಲ್ಲಿ ಅವರನ್ನು ಮಂದಬುದ್ಧಿಯವರೆಂದೇ ತಪ್ಪಾಗಿ ಎಣಿಸಲಾಗಿತ್ತು. ಶಾಲೆಯಲ್ಲಿ ಹಿಂದುಳಿದ ಆ ಬಾಲಕ ಮುಂದೆ ಬಾನುಲಿ ಹಾಗೂ ದೂರದರ್ಶನದ ಹಾಸ್ಯದಿಂದ ನಾಡಿನ ಮನೆಮಾತಾದುದು ಗಮನಾರ್ಹ.

2008ರ ಅಕ್ಟೋಬರ್‌ನಲ್ಲಿ ಆ ಪುಟ್ಟ ದೇಶದ ಮೂರು ದೊಡ್ಡ ಬ್ಯಾಂಕುಗಳು ಕುಸಿದುಬಿದ್ದವು. ನಾಣ್ಯದ ಬೆಲೆ ಇಳಿಯಿತು. ಸಾಲದ ಹೊರೆ ಏರಿತು. ರಾಜಕಾರಣಿಗಳಲ್ಲಿ ಜನರಿಗಿದ್ದ ನಂಬಿಕೆ ಸಡಿಲವಾಯಿತು. ಆಗ ಗ್ನಾರ್ ‘ಅತ್ಯುತ್ತಮ ಪಕ್ಷ’ ಎಂಬ ಹೆಸರಿನ ಪಕ್ಷವನ್ನು ಕಟ್ಟಿದರು. ಈಜುಕೊಳಗಳಲ್ಲಿ ಎಲ್ಲರಿಗೂ ಉಚಿತ ಟವೆಲ್, ಮೃಗಾಲಯಕ್ಕೊಂದು ಹಿಮಕರಡಿ ಎಂಬಿವು ಅವರ ಆಶ್ವಾಸನೆಗಳು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಿಲ್ಲವೆಂಬುದೂ ಅವರಿತ್ತ ಮಾತುಗಳಲ್ಲೊಂದಾಗಿತ್ತು! 2010ರ ಮೇ ತಿಂಗಳ ಚುನಾವಣೆಯಲ್ಲಿ ಶೇಕಡಾ 34.7ರಷ್ಟು ಮತ ಪಡೆದ ಈ ಪಕ್ಷ 15 ಸ್ಥಾನಗಳಲ್ಲಿ 6ನ್ನು ಗೆದ್ದಿತು. ಮೂರು ಸ್ಥಾನಗಳಿದ್ದ ಸೋಶಿಯಲ್ ಡೆಮಾಕ್ರಟರ ಬೆಂಬಲದಿಂದ ಗ್ನಾರ್ ಮೇಯರ್ ಪದವಿಗೇರಿದರು.

ನಗೆಯ ಹಬ್ಬ ಅಲ್ಲಿಗೆ ಮುಗಿಯಿತು. ನಗರಕ್ಕೆ ವಿದ್ಯುತ್ತನ್ನೂ ಬಿಸಿನೀರನ್ನೂ ಒದಗಿಸುವ ನಗರದ್ದೇ ಸಂಸ್ಥೆ ವಿದೇಶಿ ಸಾಲದಲ್ಲಿ ಮುಳುಗಿತ್ತು. ಅದನ್ನು ಉಳಿಸಲು ದರವನ್ನು ಹೆಚ್ಚಿಸಬೇಕಾಯಿತು, ನೌಕರರನ್ನು ಕಡಿತಗೊಳಿಸಬೇಕಾಯಿತು. ಕೆಲವು ಶಾಲೆಗಳನ್ನು ಒಂದುಗೂಡಿಸಿದಾಗ ತಾಯಿತಂದೆಯರು ಸಿಟ್ಟಿಗೆದ್ದರು. ಜನರನ್ನು ಮೆಚ್ಚಿಸುವುದೇ ಕಸುಬಾಗಿದ್ದವರಿಗೆ ಜನರ ಮುನಿಸನ್ನು ಹೊರುವ ಕಾಲ ಬಂದಿತ್ತು. ಗ್ನಾರ್ ಕುರ್ಚಿಯನ್ನು ನಡುವೆ ಬಿಟ್ಟೋಡಲಿಲ್ಲ. ನಾಲ್ಕು ವರ್ಷಗಳ ಅವಧಿಯನ್ನು ಪೂರೈಸಿ, 2014ರಲ್ಲಿ ಮತ್ತೆ ಸ್ಪರ್ಧಿಸದೆ ತಾವಾಗಿಯೇ ಕೆಳಗಿಳಿದರು. ಹತ್ತು ವರ್ಷಗಳ ತರುವಾಯ, 2024ರಲ್ಲಿ, ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತರು. ಅದೇ ವರ್ಷದ ನವೆಂಬರ್‌ನಲ್ಲಿ ಸಂಸತ್ತಿಗೆ ಆಯ್ಕೆಯಾದರು.

ನಗಿಸಬಲ್ಲವರೆಲ್ಲ ಆಳಬಲ್ಲರೆಂದು ಇದರಿಂದ ತಿಳಿಯಲಾಗದು. ನಾವು ಯೋಚಿಸಬೇಕಾದುದು ಬೇರೆ. ಗಂಭೀರವಾಗಿ ಮಾತನಾಡುವವರ ಮಾತು ನಂಬಿಕೆಗೆ ಅರ್ಹವಾಗಿ ಉಳಿದಿದ್ದರೆ ಆ ನಗರದ ಜನ ಹಾಸ್ಯಕ್ಕೆ ಮತ ಹಾಕುತ್ತಿದ್ದರೇ? ಇನ್ನು ಗ್ನಾರ್ ಅವರ ವಿಷಯವಾಗಿ ಹೇಳುವುದಾದರೆ, ವೇದಿಕೆಯ ಮೇಲೆ ಅವರಾಡಿದ ಮಾತು ಹಗುರವಾಗಿತ್ತು, ಪದವಿಯಲ್ಲಿ ಹೊತ್ತ ಹೊರೆ ಭಾರವಾಗಿತ್ತು. ನಮ್ಮಲ್ಲಿ ಮತ ಕೇಳಲು ಬರುವವರಲ್ಲಿ ಹಲವರದು ಇದಕ್ಕೆ ತದ್ವಿರುದ್ಧ. ಬಾಗಿಲಿಗೆ ಬಂದವರ ಮಾತಿನ ತೂಕವನ್ನಷ್ಟೇ ಅಲ್ಲ, ಹಿಂದೆ ಅವರು ಹೊತ್ತ ಹೊರೆಯ ತೂಕವನ್ನೂ ವಾಚಕರು ಕೇಳಿ ತಿಳಿಯುವುದೊಳಿತು.