ಮೂಲವಿಲ್ಲದ ಅಸುರರು

ಹಳೆಯ ಬೊಂಬೆಗಳನ್ನು ಕೊಂಡು ಕೂಡಿಡುವವರ ವಲಯದಲ್ಲಿ ‘ಮೂಲ ತಿಳಿಯದು’ ಎಂಬ ಮಾತು ಈಚೆಗೆ ಒಂದು ಬಿರುದಿನಂತಾಗಿರುವುದು. ಕೋರೆಹಲ್ಲಿನ ಮರದ ರಕ್ಕಸನೊಬ್ಬನು, ಕಣ್ಣು ಕೆರಳಿದ ತೊಗಲಿನ ರಾವಣನೊಬ್ಬನು, ಬಣ್ಣ ಸುಲಿದ ತಗಡಿನ ವಿಕಾರರೂಪವೊಂದು ಕೈಗೆ ಸಿಕ್ಕಿತೆಂದರೆ, ಅದನ್ನು ಮಾಡಿದವರಾರು, ಅದು ಯಾವ ಊರಿನದು, ಯಾರ ಮನೆಯಲ್ಲಿ ಎಷ್ಟು ಕಾಲವಿತ್ತು ಎಂಬುದು ತಿಳಿಯದಷ್ಟೂ ಅದರ ಬೆಲೆ ಏರುವುದು. ಕೊಂಡ ಮಹನೀಯರು ಅದನ್ನು ಗಾಜಿನ ಬೀರುವಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸಿ, ‘ಇದರ ಹುಟ್ಟು ಯಾರಿಗೂ ಗೊತ್ತಿಲ್ಲ’ ಎಂದು ಹಿಗ್ಗುವರು. ಹಿಗ್ಗತಕ್ಕದ್ದು ಇದರಲ್ಲಿ ಏನಿದೆ? ತಂದೆತಾಯಿಗಳಿಲ್ಲದೆ ಹುಟ್ಟಿದ ಬೊಂಬೆ ಲೋಕದಲ್ಲಿ ಒಂದೂ ಇಲ್ಲ. ಅವರ ಹೆಸರನ್ನು ಕೇಳದೆ ಎತ್ತಿಕೊಂಡು ಬಂದ ಕೈಗಳು ಮಾತ್ರ ಬೇಕಾದಷ್ಟಿವೆ. ಅಜ್ಞಾತಮೂಲವೆಂಬುದು ಬಹುಮಟ್ಟಿಗೆ ಕೊಳ್ಳುವ ಗಳಿಗೆಯಲ್ಲಿಯೇ ಹುಟ್ಟುವ ದೋಷ. ಆ ದೋಷವನ್ನು ವಸ್ತುವಿನ ಗುಣವೆಂದು ಹೇಳಿಕೊಂಡು ಅದಕ್ಕೊಂದು ಬೆಲೆಯನ್ನೂ ಕಟ್ಟುವುದು ಸಾಹಸವೇ ಸರಿ.

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ಹನೂರಿನ ಕಡೆಯ ಬಂಡಳ್ಳಿಯಲ್ಲಿ ಒಂದು ಹಳೆಯ ಮನೆಯ ಅಟ್ಟದ ಮೇಲೆ, ಹರಿದ ಚಾಪೆಯೊಳಗೆ ಸುತ್ತಿಟ್ಟ ಗೇಣುದ್ದದ ಮರದ ರಕ್ಕಸನೊಬ್ಬನು ದೊರೆತನೆಂದು ಭಾವಿಸಬಹುದು. ಗುಜರಿಯವನು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಕೊಟ್ಟು ಅವನನ್ನು ಒಯ್ಯುವನು. ಗುಜರಿಯವನಿಂದ ಮೈಸೂರಿನ ದಲ್ಲಾಳಿಗೆ, ದಲ್ಲಾಳಿಯಿಂದ ಬೆಂಗಳೂರಿನ ಸಂಗ್ರಾಹಕರಿಗೆ ಅವನ ಪ್ರಯಾಣ. ಮೂರನೆಯ ಕೈಯನ್ನು ಸೇರುವ ಹೊತ್ತಿಗೆ ಅವನ ಕೊರಳಿಗೊಂದು ಚೀಟಿ ಬಿದ್ದಿರುವುದು: ‘ಹಳೆಯ ಮೈಸೂರು ಸಂಸ್ಥಾನದ್ದು, ಅಪರೂಪದ್ದು, ಮೂಲ ಅಜ್ಞಾತ.’ ಈ ಚೀಟಿಯ ಮೊದಲನೆಯ ಮಾತೇ ಸುಳ್ಳು. 1956ನೆಯ ಇಸವಿ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗುವವರೆಗೆ ಕೊಳ್ಳೇಗಾಲದ ತಾಲ್ಲೂಕು ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಂಡಳ್ಳಿಯೂ ಅದರೊಳಗಿನ ಊರೇ. ಆಮೇಲೆ ಅದು ಮೈಸೂರು ಜಿಲ್ಲೆಯದಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯದಾಯಿತು, ಈಚೆಗೆ ಹನೂರು ತಾನೇ ಒಂದು ತಾಲ್ಲೂಕಾಯಿತು. ಊರು ಇದ್ದಲ್ಲಿಯೇ ಇದೆ. ಸರ್ಕಾರದ ಗೆರೆಗಳು ಮಾತ್ರ ಅದರ ಮೇಲೆ ಹಾದುಹೋದವು. ಇಂತಹ ಗಡಿಸೀಮೆಯ ಬೊಂಬೆಯು ಚನ್ನಪಟ್ಟಣದ ಕಡೆಯಿಂದ ಬಂದಿರಬಹುದು. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಗಾಡಿಯೇರಿ ಬಂದಿರಬಹುದು. ಮಾದಪ್ಪನ ಬೆಟ್ಟದ ಜಾತ್ರೆಯ ಅಂಗಡಿಸಾಲಿನಲ್ಲಿ ಮಗುವಿನ ಹಟಕ್ಕೆ ಕೊಂಡುದಾಗಿರಬಹುದು. ಊರಿನ ಬಡಗಿಯೇ ಬಿಡುವಿನಲ್ಲಿ ಕೆತ್ತಿಕೊಟ್ಟುದೂ ಆಗಿರಬಹುದು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಬೆಂಗಳೂರಿನ ಪಂಡಿತರು ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ಹೇಳಲಾರರು. ಆ ಮನೆಯ ಅಜ್ಜಿಯು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿಬಿಡಬಹುದಾಗಿತ್ತು. ಆಕೆಯನ್ನು ಯಾರೂ ಕೇಳಲಿಲ್ಲ.

ಕೇಳದೆ ಹೋದುದರಿಂದ ನಷ್ಟವಾಗುವುದು ಊರಿನ ಹೆಸರೊಂದೇ ಅಲ್ಲ. ಆ ಸೀಮೆಯಲ್ಲಿ ಕಂಸಾಳೆಯವರು ಮಾದೇಶ್ವರನ ಕಥೆಯನ್ನು ಹಾಡುವರು. ದೇವತೆಗಳನ್ನು ಸೆರೆಯಲ್ಲಿಟ್ಟು ಮೆರೆದ ಬಂಕಾಪುರದ ಶ್ರವಣ ದೊರೆಯು ಮಾದಪ್ಪನಿಂದ ಹತನಾದ ಪ್ರಸಂಗವು ಅಲ್ಲಿಯ ಮಕ್ಕಳಿಗೆ ರಾವಣನ ಕಥೆಗಿಂತ ಹತ್ತಿರದ್ದು. ಅಂತಹ ಮಗುವೊಂದು ತನ್ನ ಮರದ ರಕ್ಕಸನಿಗೆ ಶ್ರವಣನೆಂದು ಹೆಸರಿಟ್ಟು ಆಡಿದ್ದರೆ, ಆ ಹೆಸರಿನಿಂದಲೇ ಒಂದು ಕಾವ್ಯವು ಒಂದು ಆಟಿಕೆಯೊಳಕ್ಕೆ ಇಳಿದುಬಂದ ದಾರಿ ತೆರೆದು ಕಾಣುತ್ತಿತ್ತು. ಚೀಟಿ ಬರೆದವನಿಗೆ ಕಂಡುದು ಕೋರೆಹಲ್ಲು ಮಾತ್ರ.

ಕೋರೆಹಲ್ಲನ್ನು ಕಂಡೊಡನೆ ‘ರಾಕ್ಷಸ’ ಎಂದು ಬರೆದುಬಿಡುವ ಅಭ್ಯಾಸವಂತೂ ಈ ಸಂಗ್ರಾಹಕರಲ್ಲಿ ಒಂದು ರೋಗವಾಗಿದೆ. ಸೋಮನ ಕುಣಿತದ ಮೊಗಗಳನ್ನು ನೋಡಬೇಕು: ಅಗಲವಾದ ಕಣ್ಣು, ದಪ್ಪ ಮೀಸೆ, ಹೊರಬಂದ ಹಲ್ಲು. ನಗರದ ಬೈಠಕ್ ಖಾನೆಗೆ ಬಂದೊಡನೆ ಸೋಮನು ದೈತ್ಯನಾಗಿಬಿಡುವನು. ಹಳ್ಳಿಯಲ್ಲಿ ಅವನು ಗ್ರಾಮದೇವತೆಯ ಬಂಟನು. ಅವನಿಗೆ ಕೈಮುಗಿದು ಕಾಣಿಕೆ ಸಲ್ಲಿಸುವರು. ತುಳುನಾಡಿನ ದೈವಗಳ ಮರದ ಮೂರ್ತಿಗಳಿಗೂ ಇದೇ ಗತಿ. ಉಡುಪಿ ಸೀಮೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ಸನ್ನಿಧಿಯಲ್ಲಿದ್ದ ಹಳೆಯ ಮರದ ಮೂರ್ತಿಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿವೆ. ಅವು ದೂರ ಹೋದುದಕ್ಕೆ ಮರುಗುವವರು ಮರುಗಲಿ. ಆದರೆ ಮೆಕ್ಕೆಕಟ್ಟು ಎಂಬ ಹೆಸರು ಅವುಗಳೊಡನೆ ಹೋದುದರಿಂದ ಇಂದಿಗೂ ಅವುಗಳ ಊರನ್ನೂ ಸನ್ನಿಧಿಯನ್ನೂ ಬಲ್ಲವರು ಅವುಗಳ ಅರ್ಥವನ್ನು ವಿಚಾರಿಸಬಹುದು. ಹೆಸರಿಲ್ಲದೆ ಅಂಗಡಿಯಿಂದಂಗಡಿಗೆ ಅಲೆದ ಅವುಗಳ ನೆಂಟರಿಗೆ ಆ ಭಾಗ್ಯವಿಲ್ಲ. ಒಬ್ಬರ ದೈವವನ್ನು ಇನ್ನೊಬ್ಬರು ಪಿಶಾಚಿಯೆಂದು ಚೀಟಿ ಬರೆದು ಮಾರುವುದು ಅಜ್ಞಾನ ಮಾತ್ರವಲ್ಲ, ಅಪಚಾರವೂ ಹೌದು.

ಈ ಮರುಳು ಕನ್ನಡನಾಡಿಗೆ ಮೀಸಲಾದುದಲ್ಲ. ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಒಂದಾನೊಂದು ಕಾಲಕ್ಕೆ ‘ಪ್ರಾಗೈತಿಹಾಸಿಕ ಪ್ರಾಣಿಗಳು’ ಎಂಬ ಹೆಸರಿನಿಂದ ಚೀಲಗಳಲ್ಲಿ ಮಾರುತ್ತಿದ್ದ ಪ್ಲಾಸ್ಟಿಕ್ಕಿನ ವಿಚಿತ್ರ ಜಂತುಗಳಿದ್ದವು. ಹಾಂಗ್ ಕಾಂಗಿನಲ್ಲಿ ತಯಾರಾದವು. 1966ರಲ್ಲಿ ಜಪಾನಿನ ದೂರದರ್ಶನದಲ್ಲಿ ಆರಂಭವಾದ ‘ಅಲ್ಟ್ರಾಮ್ಯಾನ್’ ಸರಣಿಯ ದೈತ್ಯರ ಛಾಯೆಯನ್ನು ಅವುಗಳಲ್ಲಿ ಗುರುತಿಸುವವರಿದ್ದಾರೆ. ಗ್ಯಾರಿ ಗೈಗ್ಯಾಕ್ಸ್ ಎಂಬಾತನು ಇವುಗಳನ್ನು ಕೊಂಡು ತನ್ನ ಮೇಜಿನ ಆಟದಲ್ಲಿ ಬಳಸಿ, 1974ರಲ್ಲಿ ಮೊದಲು ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ಕೆಲವು ವಿಕಾರಪ್ರಾಣಿಗಳನ್ನು ಇವುಗಳ ಆಕಾರದಿಂದಲೇ ಕಲ್ಪಿಸಿದನು. ಈಗ ಅದೇ ಅಗ್ಗದ ಜಂತುಗಳನ್ನು ಸಂಗ್ರಾಹಕರು ಮುಗಿಬಿದ್ದು ಹುಡುಕುವರು. ಕೊಂಡವನ ಹೆಸರು ಲೋಕಕ್ಕೆಲ್ಲ ಗೊತ್ತು. ಹಾಂಗ್ ಕಾಂಗಿನಲ್ಲಿ ಕುಳಿತು ಆ ಬೆನ್ನಿನ ಮುಳ್ಳನ್ನೂ ಬಾಲದ ತುದಿಯನ್ನೂ ಮೊದಲು ರೂಪಿಸಿದ ಕೆಲಸಗಾರನ ಹೆಸರು ಆಟದ ಪುಸ್ತಕಗಳಲ್ಲೆಲ್ಲಿಯೂ ಇಲ್ಲ. ಅಲ್ಲಿಯಾದರೂ ಕಾರಖಾನೆಗೂ ಅಂಗಡಿಗೂ ನಡುವೆ ಒಂದು ಮಹಾಸಾಗರವಿತ್ತೆಂಬ ನೆಪವುಂಟು. ಬೆಂಗಳೂರಿಗೂ ಬಂಡಳ್ಳಿಗೂ ನಡುವೆ ಯಾವ ಸಾಗರವಿದೆ?

ಸಂಗ್ರಾಹಕರ ಪಕ್ಷದವರು ಇಲ್ಲಿ ಒಂದು ಮಾತನ್ನು ಎತ್ತುವರು: ‘ಕೊಳ್ಳದೆ ಬಿಟ್ಟಿದ್ದರೆ ಗೆದ್ದಲು ತಿನ್ನುತ್ತಿತ್ತು, ಒಲೆಗೆ ಹೋಗುತ್ತಿತ್ತು, ಉಳಿಸಿದವರನ್ನು ದೂರುವುದು ಕೃತಘ್ನತೆ.’ ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅಟ್ಟದ ಮೇಲಿನ ಬೊಂಬೆಗಳು ಸೌದೆಯಾದ ಮನೆಗಳು ಎಷ್ಟೋ ಇವೆ. ಆದರೆ ನಿಜವಾಗಿ ಉಳಿಸಿದವರು ಹೇಗೆ ಉಳಿಸಿದರೆಂಬುದನ್ನೂ ನೋಡಬೇಡವೆ? ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ನಾಡಿನ ತೊಗಲುಬೊಂಬೆಗಳನ್ನು ಕೂಡಿಸಿದರು; ಕೂಡಿಸಿದಷ್ಟಕ್ಕೇ ತೃಪ್ತರಾಗದೆ ಆ ಕಲೆಯನ್ನು ಕುರಿತು ಗ್ರಂಥವನ್ನೂ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು 1968ರಲ್ಲಿ ಆರಂಭವಾದಾಗ ಪಿ. ಆರ್. ತಿಪ್ಪೇಸ್ವಾಮಿಯವರೂ ಜೀ. ಶಂ. ಪರಮಶಿವಯ್ಯನವರೂ ಅದಕ್ಕಾಗಿ ದುಡಿದವರು; ಹಳ್ಳಿಯ ಹಾಡನ್ನೂ ಹಳ್ಳಿಯ ವಸ್ತುವನ್ನೂ ಒಂದೇ ಜೀವನದ ಎರಡು ಮುಖಗಳೆಂದು ಬಲ್ಲವರು. ಅಂತಹವರ ಹೆಸರನ್ನು ಗುರಾಣಿಯಾಗಿ ಹಿಡಿಯಬೇಕಾದರೆ ಅವರು ಪಟ್ಟ ಶ್ರಮದಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಪಡಬೇಕು.

ತೊಗಲುಬೊಂಬೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಆಡಿನ ತೊಗಲನ್ನು ಬೆಳಕು ಹಾಯುವಂತೆ ಹದಮಾಡಿ, ಕೊರೆದು, ಬಣ್ಣವಿಟ್ಟು, ಪರದೆಯ ಹಿಂದೆ ದೀಪವಿಟ್ಟು ಆಡಿಸತಕ್ಕ ವಸ್ತು ಅದು. ಪಾತ್ರದ ಅಂತಸ್ತಿಗೆ ತಕ್ಕಂತೆ ಅದರ ಅಳತೆ. ದೊರೆ ದೊಡ್ಡವನು, ಆಳು ಚಿಕ್ಕವನು. ರಾವಣನೊಬ್ಬನನ್ನು ಕಿತ್ತು ತಂದು ಸುಣ್ಣದ ಗೋಡೆಗೆ ಚೌಕಟ್ಟು ಹಾಕಿ ಮೊಳೆಹೊಡೆದರೆ ಅವನ ಹಿಂದೆ ಬೆಳಕೂ ಇಲ್ಲ, ಪಕ್ಕದಲ್ಲಿ ಅಳತೆಗೆ ಆಳೂ ಇಲ್ಲ. ಮೇಳದವರಲ್ಲಿ ಸವೆದ ಬೊಂಬೆಯನ್ನು ಹೊಳೆಗೆ ಬಿಡುವ ವಾಡಿಕೆಯುಂಟು. ಗೋಡೆಯ ಮೇಲೆ ಹೆಸರುಗೆಟ್ಟು ಒಣಗುವುದಕ್ಕಿಂತ ಆ ನೀರಿನ ದಾರಿಯೇ ಮರ್ಯಾದೆಯದೆಂದು ಯಾರಾದರೂ ವಾದಿಸಿದರೆ ಅವರಿಗೆ ಉತ್ತರ ಹೇಳುವುದು ಸುಲಭವಲ್ಲ. ಅಲ್ಲದೆ ಆಡಿಸುವವರು ಇನ್ನೂ ಬದುಕಿರುವರು. ಕೊಪ್ಪಳದ ಕಡೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಇಂತಹವರು ಕಣ್ಣೆದುರಿಗಿರುವಾಗ ‘ಕೇಳಲು ಯಾರೂ ಇಲ್ಲ’ ಎಂಬ ಮಾತು ನಾಲಗೆಯ ಮೇಲೆ ಬರಬಾರದು.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದೆಂಬ ನಂಬಿಕೆಯೂ ವ್ಯರ್ಥ. 1972ರ ಪ್ರಾಚ್ಯವಸ್ತುಗಳ ಅಧಿನಿಯಮವು ಇಂತಹ ವಸ್ತುಗಳಿಗೆ ನೂರು ವರ್ಷದ ವಯಸ್ಸನ್ನು ಕೇಳುವುದು. ಅಜ್ಜಿಯ ಬಾಲ್ಯದ ಆಟಿಕೆಗೆ ಅಷ್ಟು ವಯಸ್ಸು ಎಲ್ಲಿಂದ ಬರಬೇಕು? ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿಯೇ. ಆದರೆ ಅದು ಊರಿನ ಹೆಸರನ್ನು ಕಾಯುವುದು, ಕೆತ್ತಿದ ಕೈಯ ಹೆಸರನ್ನಲ್ಲ.

ಸಂಗ್ರಾಹಕರನ್ನು ಹೀಗೆ ಆಕ್ಷೇಪಿಸುವಾಗ ವಿದ್ಯಾವಂತರ ಮನೆಗಳು ತಾವು ಪರಿಶುದ್ಧವೆಂದು ತಿಳಿಯಬೇಕಾಗಿಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಯಲ್ಲಿ ಪಟ್ಟದ ಬೊಂಬೆಗಳ ವಂಶಾವಳಿ ಎಲ್ಲರಿಗೂ ಬಾಯಿಪಾಠ: ಇವು ತಾಯಿ ಮದುವೆಯಲ್ಲಿ ತಂದುವು, ಅವು ಅತ್ತೆಯವರ ತವರಿನವು. ರಾಜರಾಣಿಯರಿಗೆ ಇಷ್ಟು ನೆನಪು ಸಲ್ಲುವಾಗ, ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ನಿಲ್ಲಿಸಿದ ಅಸುರನು ಎಲ್ಲಿಂದ ಬಂದನೆಂದು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುವರು. ಅಶುಭವೆಂದು ಮೊದಲು ಹೊರಕ್ಕೆ ಹೋಗುವವನೂ ಅವನೇ. ಹೀಗೆ ಮನೆಯವರು ಮರೆತುದನ್ನು ಗುಜರಿಯವನು ಒಯ್ದನು. ಗುಜರಿಯವನು ಒಯ್ದುದನ್ನು ಸಂಗ್ರಾಹಕನು ‘ಅಜ್ಞಾತ’ವೆಂದು ಮಾರಿದನು. ಸರಪಳಿಯ ಮೊದಲ ಕೊಂಡಿ ನಡುಮನೆಯಲ್ಲಿಯೇ ಇದೆ.

ಆದುದರಿಂದ ಕೊಳ್ಳುವವರು ಕೊಳ್ಳಲಿ, ಬೇಡವೆನ್ನುವುದು ಆಗದ ಮಾತು. ಆದರೆ ಮನೆಯ ಹೊಸ್ತಿಲನ್ನು ದಾಟುವ ಮೊದಲು ಬೊಂಬೆಯನ್ನು ಕೊಟ್ಟವರ ಊರನ್ನೂ, ಅದು ಆ ಮನೆಗೆ ಬಂದ ಬಗೆಯನ್ನೂ, ಅದನ್ನು ಆಡಿದ ಮಕ್ಕಳು ಏನೆಂದು ಕರೆಯುತ್ತಿದ್ದರೆಂಬುದನ್ನೂ ಕೇಳಿ ಬರೆದುಕೊಳ್ಳಲಿ. ಬೆಲೆಯನ್ನು ಬಕೆಟ್ಟಿನಲ್ಲಿ ಅಳೆಯದೆ, ಮುಂದೆ ತಾವು ಮಾರುವ ಬೆಲೆಯನ್ನು ನೆನೆದು ಕೊಡಲಿ. ಬರೆದ ಚೀಟಿಯಿಲ್ಲದ ಬೊಂಬೆಗೆ ಅರ್ಧ ಬೆಲೆಯೆಂದು ಸಂಗ್ರಾಹಕರು ತಮ್ಮೊಳಗೆ ಒಂದು ಕಟ್ಟಳೆಯನ್ನು ಮಾಡಿಕೊಂಡರೆ, ಈಗ ಏನೂ ಕೇಳದೆ ಬರುವ ದಲ್ಲಾಳಿಯೇ ಪೆನ್ಸಿಲು ಹಿಡಿದು ಅಜ್ಜಿಯ ಮುಂದೆ ಕುಳಿತುಕೊಳ್ಳುವನು. ಮನೆಗಳವರು ಅಷ್ಟು ಕಾಯಬೇಕಾಗಿಲ್ಲ. ಬರುವ ನವರಾತ್ರಿಗೆ ಪೆಟ್ಟಿಗೆ ತೆರೆದಾಗ ಒಂದೊಂದು ಬೊಂಬೆಯ ತಳಕ್ಕೂ ಅಂಗುಲದಗಲದ ರಟ್ಟಿನ ಚೂರನ್ನು ಕಟ್ಟಿ, ಹಿರಿಯರು ಹೇಳಿದುದನ್ನು ಹಾಗೆಯೇ ಬರೆದಿಡಬಹುದು. ಗೋಡೆಯ ಕಡೆಗೆ ತಿರುಗಿಸಿಟ್ಟವನಿಂದಲೇ ಮೊದಲುಮಾಡಬಹುದು.