ಅಂಡಾಣು ದಾನ: ಆಯ್ಕೆ ಯಾರದು, ಅಪಾಯ ಯಾರದು?

ತುಂಗಭದ್ರಾ ತೀರದ ಕೆಂಚನಗುಡ್ಡದಂಥ ಊರಿನಲ್ಲಿ, ಮದುವೆಯಾಗಿ ಎಂಟು ವರ್ಷವಾದರೂ ತೊಟ್ಟಿಲು ಕಟ್ಟದ ಮನೆಯ ಸೊಸೆಗೆ ಮೊದಲು ಸಿಗುವುದು ವೈದ್ಯರ ಸಲಹೆಯಲ್ಲ, ಬಂಜೆ ಎಂಬ ಹೆಸರು. ಹರಕೆ, ನಾಟಿ ಔಷಧ ಎಲ್ಲವೂ ಮುಗಿದ ಮೇಲೆ ಸಿರುಗುಪ್ಪ, ಅಲ್ಲಿಂದ ಬಳ್ಳಾರಿ, ಕೊನೆಗೆ ಬೆಂಗಳೂರು ಇಲ್ಲವೇ ಹೈದರಾಬಾದ್. ಪತ್ನಿಯ ಅಂಡಾಣುಗಳಿಂದ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ಬೇರೊಬ್ಬ ಮಹಿಳೆಯ ಅಂಡಾಣು ಪಡೆಯುವುದು ಒಳಿತು ಎಂದು ವೈದ್ಯರು ಹೇಳಿದಾಗ ದಂಪತಿಯ ಬಾಯಿಂದ ಹೊರಡುವ ಪ್ರಶ್ನೆ ಒಂದೇ: ಯಾರದು?

ಪ್ರಶ್ನೆ ಸಹಜವಾದುದೇ. ಆದರೆ 2022ರ ಜನವರಿ 25ರಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ ಈ ಆಯ್ಕೆಯನ್ನು ದಂಪತಿಯ ಕೈಯಿಂದ ಬಹುಮಟ್ಟಿಗೆ ತೆಗೆದುಕೊಂಡಿದೆ. ದಾನಿಯನ್ನು ಒದಗಿಸಬೇಕಾದದ್ದು ಪ್ರತ್ಯೇಕವಾಗಿ ನೋಂದಣಿಯಾದ ಬ್ಯಾಂಕು. ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಆಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಆಕೆಯಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಒಬ್ಬ ದಾನಿಯ ಅಂಡಾಣು ಒಂದಕ್ಕಿಂತ ಹೆಚ್ಚು ದಂಪತಿಗೆ ಹೋಗುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಯ ವಯಸ್ಸಿಗೂ 50ರ ಮಿತಿಯಿದೆ.

ಹಾಗಿದ್ದರೂ ಆಸ್ಪತ್ರೆಯಲ್ಲಿ ದಂಪತಿಗಳು ವಿಚಾರಿಸುವುದು ಮೈಬಣ್ಣ, ವಿದ್ಯಾಭ್ಯಾಸ, ಮತ್ತು ತಗ್ಗಿದ ದನಿಯಲ್ಲಿ ಜಾತಿ. ವೈದ್ಯಶಾಸ್ತ್ರದ ಪ್ರಕಾರ ಫಲಿತಾಂಶವನ್ನು ಮುಖ್ಯವಾಗಿ ನಿರ್ಧರಿಸುವುದು ದಾನಿಯ ವಯಸ್ಸು. ನಲವತ್ತೈದರ ಮಹಿಳೆಯ ಗರ್ಭಕೋಶ ಆರೋಗ್ಯವಾಗಿದ್ದರೆ ಇಪ್ಪತ್ತೈದರ ದಾನಿಯ ಅಂಡಾಣುವಿನಿಂದ ಆಕೆ ಮಗು ಹೆರಬಲ್ಲಳು. ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳ ತಪಾಸಣೆ ಅತ್ಯಗತ್ಯ; ತಲಸ್ಸೇಮಿಯಾದಂಥ ಆನುವಂಶಿಕ ರೋಗದ ಪರೀಕ್ಷೆಯೂ ಅಷ್ಟೇ ಮುಖ್ಯ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯಿರುವ ಈ ಭಾಗದಲ್ಲಂತೂ "ನಮ್ಮವರದೇ ಅಂಡಾಣು ಇರಲಿ" ಎಂಬ ಹಂಬಲ ಕುಟುಂಬದೊಳಗಿನ ರೋಗವನ್ನೇ ಮತ್ತೆ ಮಗುವಿಗೆ ದಾಟಿಸಬಹುದು. ಇನ್ನು ರಕ್ತದ ಗುಂಪು ಹೊಂದಬೇಕೆಂಬ ಒತ್ತಾಯ. ಅದು ಮಗುವಿನ ಆರೋಗ್ಯಕ್ಕಿಂತ ಮನೆಯ ಗುಟ್ಟನ್ನು ಕಾಯುವುದಕ್ಕೇ ಹೆಚ್ಚು ಬೇಕಾಗಿರುವುದು.

ನಮ್ಮವರು ಎಂಬ ಹಂಬಲ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಮಗನನ್ನು ಕಳೆದುಕೊಂಡ ಹಿರಿವಯಸ್ಸಿನ ದಂಪತಿಯೊಂದು 2023ರಲ್ಲಿ ಕರ್ನಾಟಕ ಹೈಕೋರ್ಟ್‌ನ ಮೊರೆ ಹೋದಾಗ, ಅಂಡಾಣು ನೀಡಲು ಕುಟುಂಬದ ಮಹಿಳೆಯೂ ಗರ್ಭ ಹೊರಲು ಪರಿಚಿತೆಯೂ ಮುಂದೆ ಬಂದಿದ್ದರು. ಪತಿಯ ವಯಸ್ಸು ಬಾಡಿಗೆ ತಾಯ್ತನದ ಕಾಯ್ದೆಯ ಮಿತಿ ಮೀರಿತ್ತು. ಆನುವಂಶಿಕ, ದೈಹಿಕ ಹಾಗೂ ಆರ್ಥಿಕ ಎಂಬ ಮೂರು ಪರೀಕ್ಷೆಗಳ ಮೂಲಕ ಇಂಥವರನ್ನು ಅಳೆಯಬಹುದೆಂದು ನ್ಯಾಯಾಲಯ ಸೂಚಿಸಿತು. 2024ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಮುಂದೆ ಬಂದ ಪ್ರಕರಣ ಇನ್ನೂ ಜಟಿಲ. ಅಂಡಾಣು ಕೊಟ್ಟವಳು ಹೆಂಡತಿಯ ತಂಗಿ. ಸಂಸಾರ ಒಡೆದ ಮೇಲೆ ಅವಳಿ ಹೆಣ್ಣುಮಕ್ಕಳಿಗೆ ಆ ತಂಗಿಯೇ ಜೈವಿಕ ತಾಯಿಯೆಂದು ಗಂಡನ ವಾದ. ಅಂಡಾಣು ನೀಡಿದ ಮಾತ್ರಕ್ಕೆ ತಾಯ್ತನದ ಹಕ್ಕು ಬಾರದು ಎಂದ ನ್ಯಾಯಾಲಯ, ಅಕ್ಕನಿಗೆ ಮಕ್ಕಳನ್ನು ಭೇಟಿಯಾಗುವ ಅವಕಾಶ ಕೊಟ್ಟಿತು. ಹೊಸ ಕಾಯ್ದೆಯಲ್ಲೂ ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ.

ಇಷ್ಟೆಲ್ಲ ಚರ್ಚೆಯ ನಡುವೆ ಮರೆಯಾಗುವವಳು ದಾನಿ. ರಕ್ತದಾನದಂತೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇದಲ್ಲ. ಹತ್ತು ಹನ್ನೆರಡು ದಿನ ಹಾರ್ಮೋನು ಚುಚ್ಚುಮದ್ದು, ಪದೇ ಪದೇ ಸ್ಕ್ಯಾನಿಂಗ್, ಕೊನೆಗೆ ಅರಿವಳಿಕೆ ನೀಡಿ ಸೂಜಿಯಿಂದ ಅಂಡಾಣು ತೆಗೆಯುವುದು. ಅಂಡಾಶಯಗಳು ಮಿತಿಮೀರಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಅಪರೂಪಕ್ಕಾದರೂ ಇದ್ದೇ ಇದೆ. ತೀವ್ರವಾದರೆ ಪ್ರಾಣಕ್ಕೂ ಸಂಚಕಾರ. ಇದಕ್ಕೆಂದೇ ದಾನಿಯ ಹೆಸರಿನಲ್ಲಿ 12 ತಿಂಗಳ ವಿಮೆ ಕಡ್ಡಾಯ ಮಾಡಲಾಗಿದೆ. ಅಂಡಾಣು ಮಾರಾಟ ಅಪರಾಧ. ಮೊದಲ ಸಲಕ್ಕೆ 5ರಿಂದ 10 ಲಕ್ಷ ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ ಸೆರೆವಾಸ.

ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಏಳು ಅಂಡಾಣುಗಳಲ್ಲಿ ಕೆಲವು ಬಲಿತಿರುವುದಿಲ್ಲ, ಕೆಲವು ಫಲಿತವಾಗುವುದಿಲ್ಲ. ಕೊನೆಗೆ ಉಳಿಯುವ ಭ್ರೂಣಗಳು ಬೆರಳೆಣಿಕೆಯಷ್ಟು. ಅವೂ ವಿಫಲವಾದರೆ ಹೊಸ ದಾನಿಯನ್ನೇ ಹುಡುಕಬೇಕು, ಏಕೆಂದರೆ ಹಳೆಯ ದಾನಿಯ ಬಾಗಿಲು ಶಾಶ್ವತವಾಗಿ ಮುಚ್ಚಿರುತ್ತದೆ. ಬೇಡಿಕೆ ಹೆಚ್ಚು, ದಾನಿಗಳು ಕಡಿಮೆ. ಸುಮಾರು ಎರಡು ವಾರ ಕೂಲಿ ಬಿಟ್ಟು ಬರುವ ಮಹಿಳೆಗೆ ಇಷ್ಟು ಪರಿಹಾರ ಎಂದು ಕಾಯ್ದೆ ಗೊತ್ತುಪಡಿಸಿಲ್ಲ. ಹೀಗಿರುವಾಗ ಅಪರಿಚಿತ ದಂಪತಿಗಾಗಿ ಕೇವಲ ಔದಾರ್ಯದಿಂದ ಮುಂದೆ ಬರುವವರು ಯಾರು? ಈ ಖಾಲಿ ಜಾಗದಲ್ಲಿ ನಿಲ್ಲುವವನೇ ದಲ್ಲಾಳಿ.

ತಮಿಳುನಾಡಿನ ಈರೋಡಿನಲ್ಲಿ 2022ರಲ್ಲಿ ಬಯಲಾದದ್ದು ಇದೇ. 16 ವರ್ಷದ ಬಾಲಕಿಯ ಆಧಾರ್ ಚೀಟಿಯಲ್ಲಿ ವಯಸ್ಸು ತಿದ್ದಿ, ಹಲವು ಆಸ್ಪತ್ರೆಗಳಲ್ಲಿ ಆಕೆಯ ಅಂಡಾಣು ಮತ್ತೆ ಮತ್ತೆ ಮಾರಲಾಗಿತ್ತು. ಬಂಧಿತರಲ್ಲಿ ಹೆತ್ತ ತಾಯಿಯೂ ಇದ್ದಳು. ದಾನಿಯ ಆಧಾರ್ ಸಂಖ್ಯೆ ಪಡೆಯಬೇಕೆಂದು ಕಾಯ್ದೆ ಬ್ಯಾಂಕುಗಳಿಗೆ ವಿಧಿಸುತ್ತದೆ. ಆ ಚೀಟಿಯೇ ಸುಳ್ಳಾದರೆ ಒಮ್ಮೆ ಮಾತ್ರ ಎಂಬ ಷರತ್ತಿಗೆ ಕಾವಲು ಯಾರು? ಒಂದು ಊರಿನಲ್ಲಿ ದಾನ ಮಾಡಿದವಳು ಇನ್ನೊಂದು ರಾಜ್ಯದ ಬ್ಯಾಂಕಿಗೆ ಹೋದಾಗ ತಕ್ಷಣ ತಿಳಿಯುವಂತಿದ್ದರೆ ಮಾತ್ರ ಆ ಷರತ್ತಿಗೆ ಬೆಲೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಸಿರುಗುಪ್ಪದಂಥ ತಾಲ್ಲೂಕಿಗೆ ಇದು ದೂರದ ಮಾತಲ್ಲ.

ಖರ್ಚಿನ ಹೊರೆಯೂ ಸಣ್ಣದಲ್ಲ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಸಂತಾನ ಚಿಕಿತ್ಸೆಗೆ ಜಾಗವಿಲ್ಲ. ಗದ್ದೆ ಅಡವಿಟ್ಟು ಹಣ ಹೊಂದಿಸುವ ಕುಟುಂಬ ಬಿಲ್ಲಿನ ಮೊತ್ತವನ್ನು ನಾಲ್ಕು ಸಲ ಎಣಿಸುತ್ತದೆ. ಆಸ್ಪತ್ರೆಯಷ್ಟೇ ಅಲ್ಲದೆ ಅಂಡಾಣು ಬ್ಯಾಂಕಿಗೂ ನೋಂದಣಿ ಇದೆಯೇ, ದಾನಿಯ ವಿಮೆ ನಿಜಕ್ಕೂ ಮಾಡಿಸಲಾಗಿದೆಯೇ ಎಂಬೆರಡು ಪ್ರಶ್ನೆಗಳನ್ನು ಹಣ ಕಟ್ಟುವ ಮುನ್ನವೇ ಕೇಳಬಹುದು. ದಾನಿಯ ಹೆಸರು ತಿಳಿಯದೆಯೂ ಇವಕ್ಕೆ ಉತ್ತರ ಪಡೆಯಲು ಸಾಧ್ಯವಿದೆ.