ಮಕ್ಕಳಿಗೆ ಆಸಕ್ತಿಯಿಲ್ಲವೆಂಬ ನೆಪ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯನ್ನು ನಿಲ್ಲಿಸಬೇಕೆಂಬ ಸೂಚನೆಯೊಂದು ಕಾರ್ಯಕಾರಿ ಸಮಿತಿಯ ಮುಂದಿದೆ. ಅದಕ್ಕೆ ಕೊಡಲಾಗುತ್ತಿರುವ ಕಾರಣ ಒಂದೇ: ಮಕ್ಕಳಿಗೆ ಆಸಕ್ತಿಯಿಲ್ಲ. ಈ ವರ್ಷವಷ್ಟೇ ಆ ತರಗತಿಯಲ್ಲಿ ಸೀಮೆಸುಣ್ಣ ಹಿಡಿದ ನನಗೆ ಈ ಕಾರಣ ಒಪ್ಪಿಗೆಯಾಗದು. ನಾವು ಬಡಿಸುತ್ತಿರುವುದೇನು ಎಂಬುದನ್ನು ನೋಡದೆ ಮಕ್ಕಳಿಗೆ ಹಸಿವಿಲ್ಲವೆಂದು ತೀರ್ಮಾನಿಸುವುದು ಯಾವ ನ್ಯಾಯ?

ಹೊಸದಾಗಿ ಬಂದ ಶಿಕ್ಷಕಿಯ ಕೈಗೆ ಸಂಘವು ಕೊಡುವುದು ಕರ್ನಾಟಕದ ಒಂದನೆಯ ತರಗತಿಯ ಪಠ್ಯಪುಸ್ತಕವನ್ನು. ಮನೆಯಲ್ಲಿ, ಬೀದಿಯಲ್ಲಿ ಕನ್ನಡವನ್ನು ಆಡಿಕೊಂಡೇ ಶಾಲೆಗೆ ಬರುವ ಮಗುವಿಗಾಗಿ ಸಿದ್ಧವಾದ ಪುಸ್ತಕವದು. ಮುಂಬಯಿಯ ನಮ್ಮ ಮಗುವಿನ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅದಕ್ಕೆ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಶಾಲೆಯಲ್ಲಿ ದೇವನಾಗರಿಯನ್ನು ಕಲಿತ ಮಗುವಿಗೆ ಸ್ವರಗಳ ಕ್ರಮ, ಐದೈದರ ವರ್ಗಗಳು, ಕಾಗುಣಿತದ ತತ್ತ್ವ ಇವೆಲ್ಲ ಹೊಸತಲ್ಲ. ಮರಾಠಿಯ ಬಲದಿಂದ ‘ಳ’ಕಾರವೂ ಅದರ ನಾಲಗೆಯಲ್ಲಿದೆ. ಆದರೂ ನಾವು ತಿಂಗಳುಗಟ್ಟಲೆ ‘ಙ’ ‘ಞ’ಗಳನ್ನು ತಿದ್ದಿಸುತ್ತೇವೆ. ಈ ಎರಡು ಅಕ್ಷರಗಳಿಂದ ಮೊದಲಾಗುವ ಪದವನ್ನು ತಮ್ಮ ಜೀವಮಾನದಲ್ಲಿ ಎಷ್ಟು ಸಲ ಬರೆದಿದ್ದೀರೆಂದು ಹಿರಿಯರು ನೆನಪಿಸಿಕೊಳ್ಳಬೇಕು.

ನಿಜವಾಗಿ ಕಲಿಸಬೇಕಾದದ್ದು ಬೇರೆಡೆ ಇದೆ. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಹಿಂದಿ, ಮರಾಠಿಗಳ ಬರವಣಿಗೆಯಲ್ಲಿಲ್ಲ. ನಮ್ಮ ಮಕ್ಕಳು ಎಡವುವುದು ಅಲ್ಲಿಯೇ. ಬೆಳೆಗೂ ಬೇಳೆಗೂ, ಕೊಡುವುದಕ್ಕೂ ಕೋಡಿಗೂ ಇರುವ ಅಂತರವನ್ನು ಒಂದು ಬೆಳಗಿನ ಪಾಠವಾಗಿಸಿ ನೋಡಿ. ಹೊಲದಲ್ಲಿ ಬೇಳೆ ಬಿತ್ತಿ ಸಾರಿಗೆ ಬೆಳೆ ಹಾಕುವ ಅಡುಗೆಯವನ ಕಥೆಯನ್ನು ನಮ್ಮ ತರಗತಿಯ ಮಕ್ಕಳೇ ಕಟ್ಟಿದರು. ಅದರಂತೆಯೇ ಹಿಂದಿಯ ‘ನಹೀಂ’ ಎಂಬ ಒಂದೇ ಪದ ಕನ್ನಡದಲ್ಲಿ ‘ಅಲ್ಲ’ ಮತ್ತು ‘ಇಲ್ಲ’ ಎಂದು ಎರಡಾಗುತ್ತದೆ. “ಇದು ನನ್ನ ಚೀಲ ಇಲ್ಲ” ಎನ್ನುವ ಮಗುವಿಗೆ ವ್ಯಾಕರಣ ಸೂತ್ರದ ಅಗತ್ಯವಿಲ್ಲ. ಹತ್ತು ಚೀಲಗಳನ್ನು ಮೇಜಿನ ಮೇಲಿಟ್ಟು ಯಾರದು ಯಾವುದೆಂದು ವಾದಕ್ಕಿಳಿಸಿದರೆ ಸಾಕು. ಮರಾಠಿಯ ‘ಮಲಾ ಪಾಹಿಜೆ’ಯೂ ನಮ್ಮ ‘ನನಗೆ ಬೇಕು’ ಎಂಬುದೂ ಒಂದೇ ಅಚ್ಚಿನವು. ಇದನ್ನು ಕಂಡುಕೊಂಡ ಮಗುವಿಗೆ ಕನ್ನಡ ಅರ್ಧ ಪರಿಚಿತವೆನಿಸುತ್ತದೆ. ಬಾಗಿಲು ಗಂಡು, ಕಿಟಕಿ ಹೆಣ್ಣು ಎಂಬ ಹಿಂದಿಯ ಕಾಟ ಕನ್ನಡದಲ್ಲಿಲ್ಲವೆಂದಾಗಲಂತೂ ನನ್ನ ಹಿಂದಿನ ಬೆಂಚಿನವರು ಹರ್ಷೋದ್ಗಾರ ಮಾಡಿದರು.

ಪಾಠವನ್ನು ಆಕರ್ಷಕಗೊಳಿಸಲು ನನಗೆ ದೊರೆತ ಸಲಹೆಗಳಿಗೇನೂ ಬರವಿರಲಿಲ್ಲ. ಚಾಕಲೇಟು ಹಂಚಿ, ಚಿತ್ರಗೀತೆ ಹಾಕಿ, ಬಣ್ಣದ ಪಟ ತೂಗುಹಾಕಿ ಎಂದರು. ಚಾಕಲೇಟಿಗೆ ಬಂದ ಮಗು ಚಾಕಲೇಟು ಮುಗಿದೊಡನೆ ಏಳುತ್ತದೆ. ಹಾಡಿನ ಮಾತು ಬೇರೆ. ಆದರೆ ಅರ್ಥವಾಗದ ಹಾಡನ್ನು ಗಿಳಿಪಾಠ ಮಾಡಿಸಿ ರಾಜ್ಯೋತ್ಸವದ ವೇದಿಕೆಗೆ ಹತ್ತಿಸುವುದನ್ನು ಭಾಷಾಬೋಧನೆಯೆಂದು ನಾನು ಕರೆಯಲಾರೆ. ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಇಂದಿಗೂ ಮಕ್ಕಳನ್ನು ಹಿಡಿಯುವುದು ಏಕೆ? ಅದರಲ್ಲಿ ಹಾವಿನೊಡನೆ ನೇರ ಮಾತುಕತೆಯಿದೆ. ಸ್ವತಃ ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದ ಪಂಜೆಯವರಿಗೆ ಮಗುವಿನ ಕಿವಿ ಎಂಥದೆಂದು ಗೊತ್ತಿತ್ತು.

ಇನ್ನು ಶುದ್ಧ ಕನ್ನಡದ ವ್ಯಾಜ್ಯ. ನನ್ನ ತರಗತಿಯಲ್ಲಿ ಧಾರವಾಡದ ಕಡೆಯವರ ಮೊಮ್ಮಗನಿದ್ದಾನೆ, ಮೈಸೂರಿನವರ ಮಗಳಿದ್ದಾಳೆ, ಮನೆಯಲ್ಲಿ ತುಳುವಾಡುವ ಮೂವರಿದ್ದಾರೆ. ಒಬ್ಬ ‘ಬರ್ತೀನ್ರಿ’ ಎಂದರೆ ಇನ್ನೊಬ್ಬಳು ‘ಬರ್ತೀನಿ’ ಎನ್ನುತ್ತಾಳೆ, ಮತ್ತೊಬ್ಬ ‘ಬರ್ತೇನೆ’. ಭೇಟಿಗೆ ಬಂದ ಹಿರಿಯರೊಬ್ಬರು ಮೂವರನ್ನೂ ತಿದ್ದಿ ‘ಬರುತ್ತೇನೆ’ ಎಂದು ಹೇಳಿಸಿದರು. ಆಮೇಲೆ ಗಂಟೆ ಮುಗಿಯುವವರೆಗೆ ಆ ಮೂವರೂ ಬಾಯಿ ತೆರೆಯಲಿಲ್ಲ. ಬರಹದ ರೂಪ ಬರಹದೊಂದಿಗೆ ಬರಲಿ. ಅಜ್ಜಿಯಿಂದ ಬಂದ ನಾಲ್ಕು ಮಾತನ್ನೂ ತಪ್ಪೆಂದ ಮೇಲೆ ಮಗು ಯಾವ ಕನ್ನಡವನ್ನು ನಂಬಬೇಕು?

ಈ ನಗರದ ಕನ್ನಡ ರಾತ್ರಿಶಾಲೆಗಳನ್ನು ನಾವು ಸಭೆಗಳಲ್ಲಿ ಹೊಗಳುತ್ತೇವೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಪುಸ್ತಕ ಹಿಡಿಯುತ್ತಿದ್ದುದು ಪಾಠ ರಂಜಕವಾಗಿದ್ದುದರಿಂದಲ್ಲ. ಊರಿಗೆ ಕಾಗದ ಬರೆಯಬೇಕಿತ್ತು, ಪರೀಕ್ಷೆ ಪಾಸಾಗಿ ಗುಮಾಸ್ತರಾಗಬೇಕಿತ್ತು. ಇಂದಿನ ಮಗುವಿಗೆ ಆ ಗರಜಿಲ್ಲ. ಹಾಗಾದರೆ ಕನ್ನಡದಲ್ಲಿ ಅದು ಯಾರೊಡನೆ ಮಾತನಾಡಬೇಕು? 2011ರ ಜನಗಣತಿಯಲ್ಲಿ ಮಹಾರಾಷ್ಟ್ರದೊಳಗೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಹತ್ತು ಜನ ನಿವೃತ್ತರು ನಮ್ಮ ಸಂಘಕ್ಕೆ ಸಿಗಲಾರರೇ? ಭಾನುವಾರಕ್ಕೊಬ್ಬರಂತೆ ಬಂದು, ಮಕ್ಕಳು ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರಿಸುತ್ತ ಅರ್ಧ ಗಂಟೆ ಕುಳಿತರೆ ಸಾಕು. ಭಾಷಣ ಬೇಡ.

ನವೆಂಬರಿನ ಊಟದ ಖರ್ಚಿಗೆ ನಮ್ಮ ಸಮಿತಿ ಚರ್ಚೆಯಿಲ್ಲದೆ ಒಪ್ಪಿಗೆ ನೀಡುತ್ತದೆ. ತರಗತಿಯ ಕಪ್ಪುಹಲಗೆಗೆ ಎರಡು ಸಭೆ ಹಿಡಿಯಿತು. ನಾನು ಕೇಳುತ್ತಿರುವುದು ಹಣವನ್ನಲ್ಲ. ಪುಸ್ತಕವನ್ನು ಬದಿಗಿಡುವ ಸ್ವಾತಂತ್ರ್ಯ ಮತ್ತು ಎರಡು ವರ್ಷಗಳ ಅವಧಿ, ಇಷ್ಟೇ. ಮತ ಹಾಕುವ ಮುನ್ನ ಸಮಿತಿಯ ಸದಸ್ಯರು ಒಂದು ಭಾನುವಾರವಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ತರಗತಿ ಬೆಳಿಗ್ಗೆ ಹತ್ತಕ್ಕೆ, ಮೇಲಿನ ಮಹಡಿಯಲ್ಲಿ, ಗ್ರಂಥಾಲಯದ ಪಕ್ಕದ ಕೊಠಡಿಯಲ್ಲಿ ನಡೆಯುತ್ತದೆ.